ದುಡಿಮೆ ಬೇರೆ, ದುಡಿಮೆಯ ದಾಖಲೆ ಬೇರೆ

ಪತ್ರ: ಅಮೆರಿಕದಲ್ಲಿ ಸರ್ಕಾರದ ಆಹಾರ ನೆರವು ಪಡೆಯುವವರು ಇನ್ನು ಮುಂದೆ ದುಡಿಯಲೇಬೇಕೆಂಬ ಕಾನೂನು ಬಂದಿದೆ. ಅಲ್ಲಿ ಎಚ್-1ಬಿ ವೀಸಾದಲ್ಲಿ ದುಡಿದು ತೆರಿಗೆ ಕಟ್ಟುವ ನನ್ನ ಮಗಳಿಗೆ ಇದು ಸರಿಯೆನಿಸಿದೆ. ‘ಕಾಯಕವೇ ಕೈಲಾಸ’ ಎಂದ ನಾಡಿನ ಪತ್ರಿಕೆ ಇದನ್ನು ಖಂಡಿಸಿದ್ದೇಕೆ? – ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ:

ಮಾನ್ಯರೇ, ‘ಇನ್ನು ಮುಂದೆ’ ಎಂಬ ಮಾತನ್ನು ಮೊದಲು ತಿದ್ದಬೇಕಾಗಿದೆ. ಮಕ್ಕಳ ಹೊಣೆಯಿಲ್ಲದ, ಮೈಯಲ್ಲಿ ಶಕ್ತಿಯಿರುವ ವಯಸ್ಕರು ನಿಗದಿತ ಅವಧಿಯ ದುಡಿಮೆಯನ್ನು ತೋರಿಸದಿದ್ದರೆ ಮೂರು ವರ್ಷಗಳಲ್ಲಿ ಅವರಿಗೆ ಮೂರೇ ತಿಂಗಳು ಆಹಾರ ನೆರವು ಎಂಬ ನಿಯಮವು ಬಿಲ್ ಕ್ಲಿಂಟನ್ 1996ರಲ್ಲಿ ಸಹಿ ಹಾಕಿದ ಕಾನೂನಿನಲ್ಲೇ ಇತ್ತು. 2025ರ ಜುಲೈ 4ರಂದು ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾನೂನು ಅದರ ವ್ಯಾಪ್ತಿಯನ್ನು ಹಿಗ್ಗಿಸಿತು. 54ಕ್ಕೆ ನಿಲ್ಲುತ್ತಿದ್ದ ವಯೋಮಿತಿ 64ಕ್ಕೆ ಏರಿತು. ಮಕ್ಕಳಿಗೆ 14 ತುಂಬಿದ ತಂದೆತಾಯಿಯರೂ ಅದರೊಳಗೆ ಬಂದರು. ಮಾಜಿ ಸೈನಿಕರಿಗೂ ಮನೆಯಿಲ್ಲದವರಿಗೂ ಇದ್ದ ವಿನಾಯಿತಿ ರದ್ದಾಯಿತು. ಇಷ್ಟಾಗಿ, ಆ ನೆರವು ಸರಾಸರಿ ತಲೆಗೆ ದಿನಕ್ಕೆ ಸುಮಾರು 6 ಡಾಲರ್ ಮಾತ್ರ.

ದುಡಿಯಬಲ್ಲವರು ದುಡಿಯಲಿ ಎಂಬುದರಲ್ಲಿ ನಮಗೆ ತಕರಾರಿಲ್ಲ. ನಮ್ಮ ಅನುಮಾನ ಹುಟ್ಟಿದ್ದು ಅರ್ಕಾನ್ಸಾಸ್ ರಾಜ್ಯದ ಅನುಭವದಿಂದ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಅಲ್ಲಿ 2018ರಲ್ಲಿ ತಿಂಗಳಿಗೆ 80 ಗಂಟೆಗಳ ದುಡಿಮೆಯ ನಿಯಮ ಹಾಕಿ, ದುಡಿದದ್ದನ್ನು ಪ್ರತಿ ತಿಂಗಳೂ ಜಾಲತಾಣದಲ್ಲಿ ದಾಖಲಿಸಬೇಕೆಂದು ವಿಧಿಸಲಾಯಿತು. ಆ ಜಾಲತಾಣವೋ, ರಾತ್ರಿ ಒಂಬತ್ತಕ್ಕೆ ಕಚೇರಿಯಂತೆ ಬಾಗಿಲು ಹಾಕಿಕೊಳ್ಳುತ್ತಿತ್ತು! ಕೆಲವೇ ತಿಂಗಳಲ್ಲಿ ಸುಮಾರು 18,000 ಮಂದಿ ವಿಮೆ ಕಳೆದುಕೊಂಡರು. ನಿಯಮಕ್ಕೆ ಒಳಪಟ್ಟವರಲ್ಲಿ ಬಹುಪಾಲು ಜನ ಆಗಲೇ ದುಡಿಯುತ್ತಿದ್ದರು ಅಥವಾ ಅನಾರೋಗ್ಯದಂಥ ಕಾರಣಕ್ಕೆ ವಿನಾಯಿತಿಗೆ ಅರ್ಹರಾಗಿದ್ದರು ಎಂದೂ, ನಿಯಮದಿಂದ ಉದ್ಯೋಗ ಹೆಚ್ಚಲಿಲ್ಲವೆಂದೂ ಹಾರ್ವರ್ಡ್ ಸಂಶೋಧಕರು ಕಂಡುಕೊಂಡರು. 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಈ ವಾರ ಹತ್ತು ಗಂಟೆ, ಮುಂದಿನ ವಾರ ಮೂವತ್ತು ಎಂದು ಹೋಟೆಲಿನಲ್ಲೋ ಗೋದಾಮಿನಲ್ಲೋ ಪಾಳಿ ಸಿಗುವವನು ಸೋಮಾರಿಯಲ್ಲ. ಅವನ 80 ಗಂಟೆ ತುಂಬುವುದೂ ಬಿಡುವುದೂ ಮಾಲೀಕನ ಕೈಯಲ್ಲಿರುತ್ತದೆ.

ತೆರಿಗೆ ಕಟ್ಟಿಯೂ ಎಚ್-1ಬಿಯವರು ಈ ಆಹಾರ ನೆರವಿಗೆ ಅರ್ಹರಲ್ಲವಾದ್ದರಿಂದ ತಮ್ಮ ಮಗಳ ಅಸಮಾಧಾನ ನಮಗೆ ಅರ್ಥವಾಗುತ್ತದೆ. ಇನ್ನು ಕಾಯಕದ ಮಾತು: ಶರಣರು ಅದರ ಜೊತೆಗೇ ದಾಸೋಹವನ್ನೂ ಹೇಳಿದ್ದರು, ಉಲ್ಲೇಖಿಸುವಾಗ ಅದೇಕೋ ಅರ್ಧವೇ ನೆನಪಾಗುತ್ತದೆ.

ತಮ್ಮ ಆಕ್ಷೇಪದಲ್ಲಿ ಒಂದಂಶವನ್ನು ಒಪ್ಪುತ್ತೇವೆ: ನಮ್ಮ ಟಿಪ್ಪಣಿ ಅರ್ಕಾನ್ಸಾಸ್‌ನ ನಿಯಮವನ್ನೂ ಹೊಸ ಕಾನೂನನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಹೊಸ ಕಾನೂನಿನಂತೆ 2027ರ ಜನವರಿಯೊಳಗೆ ಮೆಡಿಕೇಡ್ ವ್ಯಾಪ್ತಿಯನ್ನು ರಾಜ್ಯಗಳು ಹಿಗ್ಗಿಸಿದಾಗ ಅದರೊಳಗೆ ಬಂದ ವಯಸ್ಕರಿಗೂ 80 ಗಂಟೆಯ ನಿಯಮ ಅನ್ವಯವಾಗಬೇಕು. ಆದರೆ ಸಾಧ್ಯವಾದಲ್ಲೆಲ್ಲ ರಾಜ್ಯಗಳು ತಮ್ಮಲ್ಲೇ ಇರುವ ವೇತನದ ಲೆಕ್ಕ ನೋಡಿಕೊಳ್ಳಬೇಕೆಂದೂ ಅದರಲ್ಲಿದೆ. ಅದು ನಿಜವಾಗಿ ನಡೆದು, ದುಡಿಯುವವರು ಕಾಗದ ಹಿಡಿದು ಅಲೆಯುವುದು ತಪ್ಪಿದರೆ, ನಮ್ಮ ಅಭಿಪ್ರಾಯವನ್ನು ತಿದ್ದಿಕೊಂಡು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

– ಸಂ.