ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಮಳೆ ಬರುತ್ತಾ ಅಂತ ನಾಲ್ಕು ದಿನ ಮೊದಲೇ ಹೇಳೋಕಾಗುತ್ತಾ?
ಬಿಸಿಲು ಎಷ್ಟಿರುತ್ತೆ ಅಂತ ಹೇಳಬಹುದು, ಯಾವ ಬಡಾವಣೆಗೆ ಮಳೆ ಅಂತ ಹೇಳೋಕಾಗಲ್ಲ. ಏಪ್ರಿಲ್‌ನ ಸರಾಸರಿ ಗರಿಷ್ಠ ತಾಪಮಾನ ಸುಮಾರು 34 ಡಿಗ್ರಿ, 2016ರಲ್ಲಿ 39.2 ಮುಟ್ಟಿದ್ದೂ ಇದೆ.

ಹವಾಮಾನ ಇಲಾಖೆಯ ವರದಿಯಲ್ಲಿ ಮಹಾರಾಷ್ಟ್ರದ ವಿದರ್ಭದ ಕಡೆಯಿಂದ ಕರ್ನಾಟಕದ ದಕ್ಷಿಣ ಒಳನಾಡಿಗೆ ಕಡಿಮೆ ಒತ್ತಡದ ಪಟ್ಟಿ (ಗಾಳಿಯ ಒತ್ತಡ ಕಡಿಮೆ ಇರೋ ಉದ್ದನೆಯ ಪ್ರದೇಶ) ಇದೆ ಅಂತ ಬರೆದಿದ್ಯಾ ನೋಡಿ. ಇದ್ರೆ ಕಡಲಿನ ತೇವ ಒಳನಾಡಿಗೆ ಬರುತ್ತೆ, ಮಧ್ಯಾಹ್ನದ ಕಾವಿಗೆ ಮೋಡ ಎದ್ದು ಸಂಜೆ ಗುಡುಗೋ ಸಾಧ್ಯತೆ ಹೆಚ್ಚು. ಇಂಥ ಒಂದೊಂದು ಮೋಡ ಗಂಟೆಯೊಳಗೇ ಸುರಿದು ಮುಗಿಯುತ್ತೆ, ಅದಕ್ಕೇ ಯಲಹಂಕ ತೊಯ್ದ ದಿನ ಜಯನಗರ ಒಣಗಿರೋದು ಮಾಮೂಲು. ಫೋನಿನಲ್ಲಿ ಕಾಣೋ ‘ಶೇ 20 ಮಳೆ’ ನಂಬಿ ಮದುವೆಗೆ ಬರೀ ಶಾಮಿಯಾನ ಹಾಕಿಸಬೇಡಿ. ಆ ದಿನ ಮಧ್ಯಾಹ್ನದ ನಂತರ ಇಲಾಖೆ ಕೊಡೋ ಮೂರು ಗಂಟೆಯ ಮುನ್ಸೂಚನೆಯೇ ವಾಸಿ. ಗುಡುಗಿನ ಎಚ್ಚರಿಕೆ ಇದ್ರೆ ಗುಲ್‌ಮೊಹರ್ ಕೆಳಗೆ ಬೈಕ್ ನಿಲ್ಲಿಸಬೇಡಿ. ಮಳೆಗಿಂತ ಮೊದಲು ಬೀಸೋ ಗಾಳಿಗೇ ಕೊಂಬೆ ಮುರಿದು ಬೀಳುತ್ತೆ.