ಗ್ಯಾರೇಜ್ ಕಟ್ಟೆ: ಎಳೆಸಿಕೊಂಡು ಬರುವ ಚಕ್ರಕ್ಕೆ ಎಂಥ ಸಸ್ಪೆನ್ಷನ್?

ಪ್ರಶ್ನೆ: ನನ್ನದು ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್. ಕಾಲು ಮೈಲಿ ಡ್ರ್ಯಾಗ್ ರೇಸ್‌ಗೆ ಅಂತಲೇ ಸಿದ್ಧ ಮಾಡುತ್ತಿದ್ದೇನೆ. ಇಂಜಿನ್ ಕೆಲಸ ಮುಗಿದಿದೆ, ಮುಂದೆ ಗೀರುಗಳಿಲ್ಲದ ಸ್ಲಿಕ್ ಟೈರ್ ಬಂದಿವೆ. ಹಿಂದೆ ಮಾತ್ರ ಕಂಪನಿ ಕೊಟ್ಟ ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ, ತಿರುಚಿಕೊಳ್ಳಬಲ್ಲ ಅಡ್ಡ ತೊಲೆ) ಹಾಗೇ ಇದೆ. ಅದನ್ನು ಕಿತ್ತು, ನಾಲ್ಕು ಸರಳು ಆಕ್ಸಲ್ ಹಿಡಿಯುವ ಫೋರ್ ಲಿಂಕ್ ಕೂರಿಸು ಅಂತ ಒಬ್ಬ ಗೆಳೆಯ. ಮೆತ್ತನೆ ಸ್ಪ್ರಿಂಗ್ ಹಾಕು ಅಂತ ಇನ್ನೊಬ್ಬ. ಶಾಕ್ ಅಬ್ಸಾರ್ಬರ್ ಜಾಗಕ್ಕೆ ಕಬ್ಬಿಣದ ರಾಡ್ ಬಿಗಿ, ತಲೆನೋವೇ ಇರಲ್ಲ ಅಂತ ಮೂರನೆಯವನು. ಯಾರ ಮಾತು ಕೇಳಲಿ?

ಉತ್ತರ: ಮೂವರದ್ದೂ ಬೇಡ. ಆದರೆ ಮೂರನೆಯವನು ಸತ್ಯದ ಹತ್ತಿರ ಹೋಗಿ ಬಂದಿದ್ದಾನೆ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಫೋರ್ ಲಿಂಕ್ ಹೇಳಿದವನು ಹಿಂದಿನ ಚಕ್ರ ತಳ್ಳುವ ಕಾರುಗಳನ್ನು ನೋಡಿ ಕಲಿತಿರಬೇಕು. ಅಲ್ಲಿ ಲಿಂಕ್‌ಗಳ ಕೋನ ಬದಲಿಸಿದರೆ ಕಾರು ಹೊರಡುವ ರೀತಿಯೇ ಬದಲಾಗುತ್ತದೆ. ಯಾಕೆಂದರೆ ಆ ಚಕ್ರ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ಆ ಒದೆತದ ಬಲ ಲಿಂಕ್‌ಗಳ ಮೂಲಕ ಬಾಡಿಗೆ ಬರುತ್ತದೆ. ನಿಮ್ಮ ಹಿಂದಿನ ಚಕ್ರ ಒದೆಯುವುದೇ ಇಲ್ಲ. ಸುಮ್ನೆ ಎಳೆಸಿಕೊಂಡು ಬರುತ್ತದೆ. ಹೊರಡುವ ಹೊತ್ತಿನಲ್ಲಿ ಅಲ್ಲಿ ಲಿಂಕ್ ನಾಲ್ಕಿದ್ದರೂ ಒಂದೇ, ನಲವತ್ತಿದ್ದರೂ ಒಂದೇ. ಕೋನದಿಂದ ಸಿಗುವ ಲಾಭ ಏನಿದ್ದರೂ ನಿಮಗೆ ಮುಂದಿನ ಸಸ್ಪೆನ್ಷನ್‌ನಲ್ಲೇ ಸಿಗಬೇಕು.

ಆ ಗೆಳೆಯನನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ ಬಿಡಿ. ನನ್ನ ಮೊದಲ ಕಾರಿಗೆ ನಾನು ಬ್ಯಾಟರಿಯನ್ನು ಬಾನೆಟ್‌ನಿಂದ ತೆಗೆದು ಡಿಕ್ಕಿಗೆ ಹಾಕಿದ್ದೆ. ಎರಡು ಭಾನುವಾರ ಕೂತು ಉದ್ದ ಕೇಬಲ್ ಎಳೆದಿದ್ದೆ. ದೊಡ್ಡ ರೇಸ್ ಕಾರುಗಳಲ್ಲೆಲ್ಲ ಹಾಗಿತ್ತು, ಅದಕ್ಕೇ. ಎಳೆಯುವ ಚಕ್ರದ ಮೇಲಿದ್ದ 15 ಕೆಜಿಯನ್ನು ನಾನೇ ಹೊತ್ತುಕೊಂಡು ಹೋಗಿ ಹಿಂದೆ ಇಟ್ಟಿದ್ದೆ!

ಈಗ ಸ್ವಲ್ಪ ಲೆಕ್ಕ. ನಿಮ್ಮ ಕಾರು 1000 ಕೆಜಿ ಅಂದುಕೊಳ್ಳಿ. ನಿಂತಾಗ ಮುಂದೆ 620, ಹಿಂದೆ 380. ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2.5 ಮೀಟರ್. ಗುರುತ್ವದ ಅರ್ಧದಷ್ಟು ವೇಗೋತ್ಕರ್ಷದಲ್ಲಿ ಹೊರಟರೆ 1000 × 0.5 × 0.5 ÷ 2.5, ಅಂದರೆ 100 ಕೆಜಿ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಮುಂದೆ ಉಳಿಯುವುದು 520. ಹಿಡಿತ ಬೇಕಾದ ಹೊತ್ತಿನಲ್ಲೇ ಭಾರ ಕೈಕೊಡುತ್ತದೆ.

ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಗಟ್ಟಿ ಸ್ಪ್ರಿಂಗ್ ಹಾಕಿದರೆ ಭಾರ ಹಿಂದಕ್ಕೆ ಹೋಗುವುದೇ ನಿಲ್ಲುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನಿಲ್ಲುವುದಿಲ್ಲ. ಆ 100 ಕೆಜಿ ಹೋಗೇ ಹೋಗುತ್ತದೆ. ಹಾಗಾದರೆ ಹಿಂದೆ ಗಟ್ಟಿ ಸ್ಪ್ರಿಂಗೇ ಹಾಕಿ ಅನ್ನುವುದು ಯಾಕೆ? ಭಾರ ಹೋಗುವಾಗ ಕಾರು ತೂಗಾಡಬಾರದು, ಅಷ್ಟಕ್ಕೇ. ಹಿಂಭಾಗ ಮೆತ್ತಗಿದ್ದರೆ ಕಾರು ಮಂಚದ ಮೇಲೆ ಬಿದ್ದ ಹಾಗೆ ಕೂರುತ್ತದೆ, ಮೂತಿ ಮೇಲೇಳುತ್ತದೆ. ಕೂರುವ ಭರದಲ್ಲಿ ಭಾರ 100ಕ್ಕೇ ನಿಲ್ಲದೆ ಇನ್ನೂ ಸ್ವಲ್ಪ ದಾಟಿ ಹೋಗಿ, ಆಮೇಲೆ ವಾಪಸ್ ಬರುತ್ತದೆ. ಆ ದಾಟಿದ ಕ್ಷಣದಲ್ಲೇ ಮುಂದಿನ ಟೈರ್ ಗಿರ್ರನೆ ತಿರುಗಿಬಿಡುತ್ತದೆ. ಮೂತಿ ಎದ್ದಾಗ ಮುಂದಿನ ಚಕ್ರಗಳ ಟೋ (ಮೇಲಿಂದ ನೋಡಿದಾಗ ಕಾಣುವ ಓರೆ), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಕಾಣುವ ವಾಲು) ಕೂಡ ಬದಲಾಗುತ್ತವೆ, ಸ್ಲಿಕ್ ಟೈರ್ ಪೂರ್ತಿ ಅಗಲ ನೆಲಕ್ಕೆ ತಾಗುವುದಿಲ್ಲ. ಗೇರ್ ಬದಲಿಸಿದಾಗ ಎಲ್ಲ ಮತ್ತೊಮ್ಮೆ. ಎರಡನೇ ಗೆಳೆಯನ ಮೆತ್ತನೆ ಸ್ಪ್ರಿಂಗ್‌ಗೆ ಇದೇ ನನ್ನ ಉತ್ತರ.

ಎಷ್ಟು ಗಟ್ಟಿ? ಹಿಂದಕ್ಕೆ ಬಂದ 100 ಕೆಜಿಯಲ್ಲಿ ಒಂದೊಂದು ಚಕ್ರಕ್ಕೆ 50. ಚಕ್ರದ ಬಳಿ ಒಂದು ಮಿಲಿಮೀಟರಿಗೆ 2 ಕೆಜಿ ತಡೆಯುವ ಸ್ಪ್ರಿಂಗ್ ಇದ್ದರೆ ಕಾರು 25 ಮಿ.ಮೀ. ಕೂರುತ್ತದೆ. 8 ಕೆಜಿ ಆದರೆ 6 ಮಿ.ಮೀ. ಚಿಲ್ಲರೆ. ನನ್ನ ಅನುಭವದಲ್ಲಿ ಕಂಪನಿ ಸ್ಪ್ರಿಂಗ್‌ನ ಮೂರರಿಂದ ನಾಲ್ಕು ಪಟ್ಟು ಸಾಕು. ಇಲ್ಲೊಂದು ಮೋಸ ಇದೆ. ಸ್ಪ್ರಿಂಗ್ ಮೇಲೆ ಬರೆದ ಸಂಖ್ಯೆ ಚಕ್ರದ ಬಳಿ ಸಿಗುವುದಿಲ್ಲ. ಕೀಲಿನಿಂದ ಚಕ್ರದವರೆಗಿನ ತೋಳಿನ ಉದ್ದದ 0.7 ಭಾಗದಲ್ಲಿ ಸ್ಪ್ರಿಂಗ್ ಕೂತಿದ್ದರೆ 0.7ನ್ನು ಎರಡು ಸಲ ಗುಣಿಸಬೇಕು. 8 ಅಂತ ಕೊಂಡದ್ದು ಚಕ್ರದ ಬಳಿ 4 ಆಗುತ್ತದೆ. ಟೇಪ್ ಹಿಡಿದು ಅಳೆದೇ ಆರ್ಡರ್ ಮಾಡಿ.

ಗಟ್ಟಿ ಸ್ಪ್ರಿಂಗ್ ಕಾರಿನ ಭಾರಕ್ಕೆ ಸ್ವಲ್ಪವೇ ಕುಗ್ಗಿರುತ್ತದೆ. ಬ್ರೇಕ್ ಹಾಕಿ ಹಿಂಭಾಗ ಎದ್ದಾಗ ಅದು ಸಡಿಲಾಗಿ ಜಾಗದಿಂದ ಜಾರಬಹುದು. ಬೀಮ್ ಮೇಲೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರುವ ಕಾರುಗಳಲ್ಲಿ ಈ ಅಪಾಯ ಜಾಸ್ತಿ. ಆ ಸಡಿಲ ತುಂಬುವ ಮೆತ್ತನೆ ಹೆಲ್ಪರ್ ಸ್ಪ್ರಿಂಗ್ ಹಾಕಿ, ಇಲ್ಲವೇ ಶಾಕ್ ಚಾಚುವ ಉದ್ದಕ್ಕೆ ಮಿತಿ ಇಡಿ.

ಶಾಕ್ ಕೊಳ್ಳುವಾಗ ಕುಗ್ಗುವ ಕಡೆ ಬಿಗಿ ಇರಲಿ, ಚಾಚುವ ಕಡೆ ಸಾಧಾರಣ ಇರಲಿ. ಚಾಚುವುದನ್ನೂ ಬಿಗಿ ಮಾಡಿದರೆ ಒಮ್ಮೆ ಕೂತ ಹಿಂಭಾಗ ಬೇಗ ಏಳುವುದಿಲ್ಲ. ಮುಂದೆ ಇದಕ್ಕೆ ಉಲ್ಟಾ, ಮೂತಿ ಏಳದಂತೆ ಚಾಚುವ ಕಡೆ ಬಿಗಿ. ಅಂಗಡಿಯಲ್ಲಿ ಡ್ರ್ಯಾಗ್ ಶಾಕ್ ಅಂತ 90/10 (ಕುಗ್ಗುವ ಕಡೆ 90 ಭಾಗ, ಚಾಚುವ ಕಡೆ 10 ಭಾಗ ಬಿಗಿ) ತೋರಿಸಿದರೆ ಕೈ ಮುಗಿದು ಬನ್ನಿ. ಅದು ಮೂತಿ ಸಲೀಸಾಗಿ ಏಳಲಿ ಅಂತ ಮಾಡಿದ್ದು, ಹಿಂದಿನ ಚಕ್ರ ತಳ್ಳುವವರಿಗೆ.

ಇನ್ನು ರಾಡ್. ನಾನೂ ಹಾಕಿದ್ದೆ. ಹೊರಡುವಾಗ ಸೊಗಸಾಗಿತ್ತು, ಮೊದಲ 60 ಅಡಿ ದಾಟಿದ ಸಮಯ ನೋಡಿ ಹಿಗ್ಗಿದ್ದೆ. ಮೂರನೇ ಓಟದಲ್ಲಿ ಗೆರೆ ದಾಟಿ ಬ್ರೇಕ್ ಒತ್ತಿದೆ, ನೆಲದಲ್ಲಿ ಒಂದು ಸಣ್ಣ ಉಬ್ಬು ಸಿಕ್ಕಿತು. ಹಿಂದಿನ ಎರಡೂ ಚಕ್ರ ಕುಪ್ಪಳಿಸಿದವು. ಒಮ್ಮೆ ಅಲ್ಲ, ನಾಲ್ಕೈದು ಸಲ. ತಡೆಯುವುದಕ್ಕೆ ಶಾಕ್ ಇಲ್ಲವಲ್ಲ. ಸ್ಟೀರಿಂಗ್ ಯಾವ ಕಡೆ ತಿರುಗಿಸಿದೆನೋ ಇವತ್ತಿಗೂ ನೆನಪಿಲ್ಲ, ಕಾರು ಅಡ್ಡಡ್ಡ ನಿಂತಿತ್ತು. ಮನೆಗೆ ತಂದು ಜಾಕ್ ಹಾಕಿ ನೋಡಿದರೆ ಬೀಮ್ ಹಿಡಿದಿರುವ ಜಾಗದ ವೆಲ್ಡಿಂಗ್ ಬಾಯಿ ಬಿಟ್ಟಿತ್ತು. ರಾಡ್‌ಗಳನ್ನು ಗುಜರಿಗೆ ಹಾಕಲಿಲ್ಲ. ಈಗ ಅವು ನನ್ನ ಶೆಡ್ ಬಾಗಿಲಿನ ಅಗುಳಿ.

ನಿಮ್ಮ ಬೀಮ್ ಇರಲಿ. ಹಗುರ, ಸರಳ, ಎರಡು ಬುಷ್‌ಗಳ ಮೇಲೆ ನಿಂತ ಒಂದೇ ತುಂಡು. ಚಕ್ರ ಒಟ್ಟಿಗೆ ಮೇಲೆ ಕೆಳಗೆ ಹೋದರೆ ಟೋ ಹೆಚ್ಚು ಬದಲಾಗುವುದಿಲ್ಲ. ನಿಮಗೆ ಬೇಕಿರುವುದು ಅದೇ, ಅಲ್ವಾ? 1992–95ರ ಹೋಂಡಾ ಸಿವಿಕ್ ಥರ ಹಿಂದೆಯೂ ಒಂದರ ಮೇಲೊಂದು ತೋಳಿರುವ ಡಬಲ್ ವಿಶ್‌ಬೋನ್ ಇದ್ದವರು ಅದನ್ನೇ ಇಟ್ಟುಕೊಳ್ಳಲಿ. ಅವರು ನೋಡಬೇಕಾದದ್ದು ಚಕ್ರದಿಂದ ಮುಂದಕ್ಕೆ ಹೋಗಿ ಬಾಡಿಗೆ ಸೇರುವ ಟ್ರೇಲಿಂಗ್ ಆರ್ಮ್‌ನ ಆ ದೊಡ್ಡ ರಬ್ಬರ್ ಬುಷ್. ಅದು ಹರಿದಿದ್ದರೆ ವೇಗದಲ್ಲಿ ಹಿಂಭಾಗ ಬಾಲ ಅಲ್ಲಾಡಿಸುತ್ತದೆ. ಬುಷ್ ಹೊಸದು ಮಾಡಿ, ತೀರಾ ಸ್ವಲ್ಪ ಟೋ-ಇನ್ (ಚಕ್ರಗಳ ಮುಂದಿನ ಅಂಚು ಒಳಮುಖ) ಇಡಿ. ಟೋ-ಔಟ್ (ಹೊರಮುಖ) ಮಾತ್ರ ಬೇಡವೇ ಬೇಡ.

ಸ್ಪ್ರಿಂಗ್ ಸರಿಯಾಯಿತೋ ಇಲ್ಲವೋ ತಿಳಿಯಲು ಶಾಕ್‌ನ ಹೊಳೆಯುವ ದಂಡಕ್ಕೆ ಒಂದು ಕೇಬಲ್ ಟೈ ಕಟ್ಟಿ. ಹೊರಟು, ಮೊದಲ ಗೇರ್‌ನಲ್ಲೇ ನಿಲ್ಲಿಸಿ, ಟೈ ಎಷ್ಟು ಸರಿದಿದೆ ನೋಡಿ. ಐದು ನಿಮಿಷದ ಕೆಲಸ.

ಪ್ರಶ್ನೆ: ಹಿಂಭಾಗವನ್ನು ಎತ್ತರಿಸಿದರೆ ಭಾರ ಮುಂದಕ್ಕೆ ಬರುತ್ತದಲ್ಲವೇ?

ಉತ್ತರ: ಬರುತ್ತದೆ, ನಾಲ್ಕು ಕೆಜಿ. ಮೇಲಿನ ಕಾರನ್ನೇ ಹಿಂದೆ 50 ಮಿ.ಮೀ. ಎತ್ತಿ ನೋಡಿ. ಭಾರದ ಕೇಂದ್ರ 10 ಮಿ.ಮೀ. ಮುಂದೆ ಬರುತ್ತದೆ, ಜೊತೆಗೆ 19 ಮಿ.ಮೀ. ಮೇಲೂ ಏರುತ್ತದೆ. ಏರಿದ್ದಕ್ಕೆ ಹೊರಡುವಾಗ ಇನ್ನೂ 3.8 ಕೆಜಿ ಹಿಂದಕ್ಕೆ ಹೋಗುತ್ತದೆ. ಬಂದದ್ದು ಹೋದದ್ದು ಸರಿಸಮ. ಇದರ ಬದಲು ಮುಂಭಾಗ ತಗ್ಗಿಸಿ. ಡಿಕ್ಕಿಯಲ್ಲಿರುವ ಸ್ಪೇರ್ ಚಕ್ರ ತೆಗೆದರೆ ಅದೂ ಒಳ್ಳೆಯದೇ.

ಪ್ರಶ್ನೆ: ಫ್ರಂಟ್ ವೀಲ್ ಡ್ರೈವ್ ಕಾರಿಗೆ ವೀಲಿ ಬಾರ್ (ಕಾರಿನ ಹಿಂದಕ್ಕೆ ಚಾಚಿದ, ಮೂತಿ ಏಳದಂತೆ ತಡೆಯುವ ಪೈಪು) ಹಾಕಿದ್ದನ್ನು ನೋಡಿದೆ. ಮುಂದಿನ ಚಕ್ರ ಎಳೆಯುವ ಕಾರು ಮೂತಿ ಎತ್ತಿ ನಿಲ್ಲುವುದುಂಟೇ? ಇದು ಬರೀ ಶೋಕಿಯೇ?

ಉತ್ತರ: ಶೋಕಿ ಅಲ್ಲ. ಹೆಸರು ಮಾತ್ರ ತಪ್ಪು. ಮೂತಿ ಎದ್ದರೆ ಎಳೆತವೇ ನಿಲ್ಲುವುದರಿಂದ ನಿಮ್ಮ ಕಾರು ಹಾಗೆ ನಿಲ್ಲಲು ಸಾಧ್ಯವೇ ಇಲ್ಲ. ಈ ಬಾರ್ ಮಾಡುವುದು ಬೇರೆ ಕೆಲಸ, ಕಾರಿನ ವೀಲ್‌ಬೇಸ್ ಉದ್ದ ಮಾಡುತ್ತದೆ. ಹಿಂದಿನ ಚಕ್ರದಿಂದ ಒಂದೂವರೆ ಮೀಟರ್ ಆಚೆ ಬಾರ್ ನೆಲಕ್ಕೆ ತಾಗಿದೆ ಅನ್ನಿ. ಹಿಂದಕ್ಕೆ ಬರುವ ಭಾರವೆಲ್ಲ ಬಾರ್ ಮೇಲೆ ಬಿದ್ದರೆ, ಲೆಕ್ಕದಲ್ಲಿ 2.5 ಹೋಗಿ 4 ಮೀಟರ್ ಬರುತ್ತದೆ. ಹಿಂದಕ್ಕೆ ಹೋಗುವುದು 100 ಅಲ್ಲ, 62 ಕೆಜಿ ಆಸುಪಾಸು. ಯಾವ ಸ್ಪ್ರಿಂಗೂ ಮಾಡಲಾಗದ್ದನ್ನು ಎರಡು ಪೈಪು ಮಾಡುತ್ತವೆ.

ಹಿಂದಿನ ಸ್ಪ್ರಿಂಗ್ ತೀರಾ ಗಟ್ಟಿ ಇದ್ದರೆ ಭಾರವನ್ನು ಅದೇ ಹೊತ್ತುಕೊಳ್ಳುತ್ತದೆ, ಬಾರ್‌ಗೆ ಕೊಡುವುದಿಲ್ಲ. ಹಾಗಾಗಿ ಬಾರ್ ಹಾಕುವವರು ಸ್ಪ್ರಿಂಗನ್ನು ಒಂದು ಮಟ್ಟ ಕಡಿಮೆ ಮಾಡಲಿ. ಬಾರ್ ನೆಲಕ್ಕೆ ತಾಗಿ ತಾಗದಂತಿರಲಿ. ಕೆಲವರು ನಿಂತಾಗಲೇ ಬಾರ್ ಮೇಲೆ ಭಾರ ಬೀಳುವಂತೆ ಬಿಗಿದು ಮುಂಭಾಗಕ್ಕೆ ಇನ್ನಷ್ಟು ತೂಕ ಗಿಟ್ಟಿಸುತ್ತಾರೆ. ಲೆಕ್ಕ ಸರಿ, ಆದರೆ ಹಿಂದಿನ ಚಕ್ರ ನೆಲ ಬಿಡುವಷ್ಟು ಬಿಗಿದರೆ ಕಾರನ್ನು ನೇರ ಹಿಡಿಯುವವರು ಯಾರು? ನಿಮ್ಮ ಕ್ಲಾಸ್‌ನ ನಿಯಮ ಬಾರ್‌ಗೆ ಅವಕಾಶ ಕೊಡುತ್ತದೆಯೇ ಎಂದು ನೋಡಿಕೊಂಡೇ ಪೈಪ್ ಕತ್ತರಿಸಿ.

ಪ್ರಶ್ನೆ: ಕಾರು ಪಕ್ಕಕ್ಕೆ ವಾಲದಂತೆ ತಡೆಯುವ ಹಿಂದಿನ ಆಂಟಿ ರೋಲ್ ಬಾರ್ ತೆಗೆಯಬಹುದೇ?

ಉತ್ತರ: ಹೊರಡುವಾಗ ಅದರಿಂದ ಲಾಭವಿಲ್ಲ. ಅಡ್ಡ ಕೂತ ಇಂಜಿನ್ ಬಾಡಿಯನ್ನು ಪಕ್ಕಕ್ಕೆ ತಿರುಚುವುದಿಲ್ಲ. ಬೀಮ್ ಇರುವವರು ತೆಗೆಯಿರಿ, ಬೀಮ್‌ಗೇ ಆ ಗುಣ ಇದೆ. ಉಳಿದವರು ಒಮ್ಮೆ ತೆಗೆದು ಅರ್ಧ ವೇಗದಲ್ಲಿ ಓಡಿಸಿ, ಬ್ರೇಕ್ ಹಾಕಿ ನೋಡಿ. ಕಾರು ನೇರ ನಿಂತರೆ ಅದನ್ನು ಶೆಡ್‌ನಲ್ಲೇ ಬಿಡಿ.