ಪಂಪ್ ಹಗಲೂ ರಾತ್ರಿ ಬೇಡ ಸರ್

ದಾವಣಗೆರೆ ಹತ್ತಿರದ ತೋಟದ ಮನೆಯ 60,000 ಲೀಟರ್ ಈಜುಕೊಳಕ್ಕೆ 1 ಎಚ್‌ಪಿ ಪಂಪ್ 24 ಗಂಟೆ ಓಡಿಸಬೇಕಾ ಅಂತ ಕೇಳಿದ್ದೀರಿ. ಬೇಡ ಸರ್. ಗಂಟೆಗೆ 10,000 ಲೀಟರ್ ಎಳೆದರೂ 6 ಗಂಟೆಯಲ್ಲಿ ಕೊಳದಷ್ಟು ನೀರು ಫಿಲ್ಟರ್ ಹಾದು ಬರುತ್ತೆ. ನಮ್ಮ ಏಪ್ರಿಲ್ ಬಿಸಿಲಿಗೆ 8 ಗಂಟೆ ಇಟ್ಟುಕೊಳ್ಳಿ: ಬೆಳಿಗ್ಗೆ 6ರಿಂದ 10, ಸಂಜೆ 5ರಿಂದ 9. ಗಂಟೆಗೆ ಹೆಚ್ಚುಕಮ್ಮಿ 1 ಯೂನಿಟ್ ಹಿಡಿದರೆ ದಿನಕ್ಕೆ 16 ಯೂನಿಟ್ ಉಳೀತು.

ಕ್ಲೋರಿನ್ ಮಾತ್ರ ಹೊತ್ತು ಮುಳುಗಿದ ಮೇಲೆ, ಪಂಪ್ ಓಡ್ತಿರುವಾಗಲೇ ಹಾಕಿ. ಹಗಲು ಹಾಕಿದ್ದು ಬಿಸಿಲಿಗೇ ಹೋಗುತ್ತೆ. ನಾನೂ ಒಂದು ಬೇಸಿಗೆ ಮಧ್ಯಾಹ್ನ ಸುರಿದು ಸುರಿದು ದುಡ್ಡು ಕಳಕೊಂಡೆ; ಮೆಟ್ಟಿಲ ಮೂಲೆ ಪಾಚಿಗಟ್ಟಿ ಕಾಲಿಟ್ಟರೆ ಜಾರ್ತಿತ್ತು. ಪಂಪಿಗೆ ಕಸ ಹೋಗದಂತೆ ತಡೆಯೋ ಬುಟ್ಟಿಯಲ್ಲಿ ಸೇರೋ ಬೇವಿನೆಲೆ ದಿನಾ ತೆಗೀರಿ, ಇಲ್ದಿದ್ರೆ ಪಂಪ್ ಬರೀ ಸದ್ದು ಮಾಡುತ್ತೆ, ನೀರು ಎಳೆಯಲ್ಲ. ಪಂಪ್ ಆನ್-ಆಫ್ ಮಾಡೋಕೆ ಟೈಮರ್ ಇಟ್ಟಿದ್ದರೆ, ಕರೆಂಟ್ ಹೋಗಿಬಂದಾಗ ಅದರ ಗಡಿಯಾರ ಹಿಂದೆ ಬಿದ್ದಿದೆಯಾ ನೋಡಿ.